ಎರಡು ಮರ ಸಾಕಾ?

ಹೋದ ಡಿಸೆಂಬರ್‌ನಲ್ಲಿ ಹಾಕಿದ ಒಂದು ಫೋಟೋದಿಂದ ಶುರುವಾದ ಕಾಟ ಇದು. ಎರಡು ಮರಗಳ ಮಧ್ಯೆ ಹಸಿರು ಬಟ್ಟೆಯೊಂದು ಬಾಳೆಹಣ್ಣಿನ ಥರ ಬಾಗಿಕೊಂಡು ತೂಗ್ತಿದೆ, ಒಳಗಿಂದ ನನ್ನ ಎರಡು ಪಾದ ಹೊರಗೆ ಚಾಚಿವೆ, ಹಿಂದೆ ಮಂಜಿನಲ್ಲಿ ಒಂದು ಗುಡ್ಡ. ಅಷ್ಟೇ. ಅವತ್ತಿಂದ ವಾರಕ್ಕೊಬ್ಬರಾದರೂ ಕೇಳ್ತಾರೆ. ಎಲ್ಲಿ ಸಿಗುತ್ತೆ, ಎಷ್ಟಾಯ್ತು, ಯಾವ ಕಾಡು, ಒಬ್ಳೇ ಹೋಗಿದ್ಯಾ, ಬೆನ್ನು ನೋಯಲ್ವಾ, ಮಗುಚಿಕೊಂಡ್ರೆ ಏನ್ ಗತಿ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ, ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡ್ತೀನಿ.

ಮೊದಲನೇದಾಗಿ, ಅದು ಕಾಡಲ್ಲ. ಹನೂರು ತಾಲ್ಲೂಕಿನ ಶಾಗ್ಯದಲ್ಲಿರೋ ನಮ್ಮ ಚಿಕ್ಕಪ್ಪನ ಹೊಲ. ಎಡಗಡೆಯದು ಹೊಂಗೆ ಮರ, ಬಲಗಡೆಯದು ಬೇವು. ಫೋಟೋದಲ್ಲಿ ಕಾಣದೇ ಇರೋದು ಹತ್ತು ಹೆಜ್ಜೆ ದೂರದ ದನದ ಕೊಟ್ಟಿಗೆ, ಅದರಾಚೆಗಿನ ಹೊಲದ ಮನೆ, ಮತ್ತೆ ಆ ಮನೆ ಜಗಲಿ ಮೇಲೆ ಕೂತು "ಈ ಮಗೀಗ ಏನಾಗದ ಅಂತ" ಎಂದು ಚಿಕ್ಕಮ್ಮನನ್ನ ಕೇಳ್ತಿದ್ದ ಅಜ್ಜಿ.

ಹ್ಯಾಮಕ್‌ಗೆ ನಿಘಂಟು ಹುಡುಕಿದ್ರೆ ತೂಗುಮಂಚ, ಜೋಲುಹಾಸಿಗೆ ಅಂತೆಲ್ಲ ಕಟ್ಟಿದ ಪದಗಳು ಸಿಗ್ತವೆ. ಶಾಗ್ಯದಲ್ಲಿ ಆ ತೊಂದರೆ ಇರಲಿಲ್ಲ. ನಾನು ಚೀಲದಿಂದ ಅದನ್ನ ತೆಗೆದು ಕೊಡವಿದ ತಕ್ಷಣ ಅಜ್ಜಿ ಅಂದಿದ್ದು ಒಂದೇ ಮಾತು: "ಜೋಲಿ." ಸರಿಯಾದ ಮಾತೇ. ಹಳೇ ಸೀರೆಯ ಎರಡೂ ತುದಿ ಗಂಟು ಹಾಕಿ ಮರದ ಕೊಂಬೆಗೋ ಮನೆ ತೊಲೆಗೋ ಇಳಿಬಿಟ್ಟು ಕೂಸನ್ನ ಮಲಗಿಸ್ತಾರಲ್ಲ, ಅದು ಜೋಲಿ. ಪಕ್ಕದ ತಮಿಳು ಮನೆಗಳಲ್ಲಿ ಅದೇ ತೂಳಿ. 1956ರವರೆಗೆ ಕೊಳ್ಳೇಗಾಲದ ಸೀಮೆಯೆಲ್ಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹಾಗಾಗಿ ಇಲ್ಲಿ ಎಷ್ಟೋ ವಸ್ತುಗಳಿಗೆ ಎರಡೆರಡು ಹೆಸರು. ಹ್ಯಾಮಕ್ ಅನ್ನೋ ಪದ ಕೆರಿಬಿಯನ್ ದ್ವೀಪಗಳ ತೈನೋ ಜನರ ಭಾಷೆಯದು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದಾಗ ಅವರು ಬಲೆಯಲ್ಲಿ ತೂಗಾಡ್ತಾ ಮಲಗೋದನ್ನ ನೋಡಿ ಬೆರಗಾದ. ಆಮೇಲೆ ಹಡಗಿನವರು ಅದನ್ನೇ ಹಿಡ್ಕೊಂಡ್ರು, ಅಲೆಗೆ ಹಡಗು ಹೊಯ್ದಾಡಿದ್ರೂ ಮಲಗಿದವನು ಮಾತ್ರ ನೆಟ್ಟಗಿರ್ತಾನಲ್ಲ ಅಂತ. ನಮ್ಮಪ್ಪ ಕೂಡ ಹಾಗೇ ಮಲಗಿ ಬೆಳೆದವನು. ಹಡಗಲ್ಲಿ ಅಲ್ಲ, ಕಂಡವರ ಹೊಲದಲ್ಲಿ. ಅಜ್ಜಿ ಕಳೆ ಕೀಳೋ ಕೂಲಿಗೆ ಹೋದಾಗ ಬದುವಿನ ಮೇಲಿನ ಮರದಲ್ಲಿ.

ಈಗ ಅಂಗಡಿ ವಿಷಯ. ಬೇಗ ಮುಗಿಸ್ತೀನಿ. ರೆಸಾರ್ಟುಗಳಲ್ಲಿ ಎರಡು ತುದಿಗೂ ಮರದ ಕೋಲು ಕೊಟ್ಟು ಚಪ್ಪಟೆಯಾಗಿ ಎಳೆದಿರೋ ಹಗ್ಗದ ಬಲೆ ಇರುತ್ತಲ್ಲ, ಅದನ್ನ ತಗೋಬೇಡಿ. ನೋಡೋಕೆ ಹಾಸಿಗೆ ಥರ ಕಂಡ್ರೂ ಮಗುಚೋದು ಅದೇ. ಕೋಲು ಇಲ್ಲದ, ಎರಡೂ ತುದಿಯಲ್ಲಿ ಬಟ್ಟೆ ಮುದುಡಿ ಒಂದು ಕುಣಿಕೆಯಾಗಿರೋ, ತೆಳು ನೈಲಾನಿನದು ತಗೊಳ್ಳಿ. ಉದ್ದ ಹತ್ತು ಅಡಿಗಿಂತ ಕಮ್ಮಿ ಬೇಡ, ಹನ್ನೊಂದಿದ್ರೆ ಇನ್ನೂ ಒಳ್ಳೇದು. ಎಷ್ಟು ತೂಕ ತಡೆಯುತ್ತೆ ಅಂತ ಮೇಲೆ ಬರೆದಿರ್ತಾರೆ, ಓದಿ. ಇದರ ಜೊತೆ ಮರಕ್ಕೆ ಸುತ್ತೋಕೆ ಎರಡು ಅಗಲವಾದ ಪಟ್ಟಿ ಬೇಕು, ಒಂದು ಇಂಚಿಗಿಂತ ಕಿರಿದಾಗಿರಬಾರದು, ಪಾಲಿಯೆಸ್ಟರ್‌ದಾದ್ರೆ ಉತ್ತಮ. ನೈಲಾನ್ ಪಟ್ಟಿ ಭಾರ ಬಿದ್ದಾಗ ಹಿಗ್ಗುತ್ತೆ, ರಾತ್ರಿ ಹತ್ತಕ್ಕೆ ಮೇಲೆ ಮಲಗಿದವರು ಬೆಳಗಿನ ಜಾವಕ್ಕೆ ನೆಲ ಸವರ್ತಿರ್ತೀರಿ. ನಂದು ಎಲ್ಲಾ ಸೇರಿ ಎರಡು ಸಾವಿರದೊಳಗೆ ಬಂತು. ಟೆಂಟಿನ ಲೆಕ್ಕದಲ್ಲಿ ಅಗ್ಗ, ಮಡಚಿದ್ರೆ ಒಂದು ತೆಂಗಿನಕಾಯಿಯಷ್ಟು ಗಾತ್ರ. ಹನೂರಿನ ಕಡೆ ಕಲ್ಲು ಮುಳ್ಳು ತುಂಬಿದ ನೆಲದಲ್ಲಿ ಟೆಂಟಿನ ಗೂಟ ಹೊಡೆಯೋದು ಅಂದ್ರೆ ಅರ್ಧ ದಿನದ ಕೂಲಿ ಕೆಲಸ. ಜೋಲಿಗೆ ನೆಲ ಹೆಂಗಿದ್ರೂ ನಡೆಯುತ್ತೆ.

ಕಟ್ಟೋ ವಿಷಯಕ್ಕೆ ಬರೋಣ. ಎಲ್ಲರಿಗೂ ತಟ್ಟನೆ ಹೊಳೆಯೋದು, ಬಿಗಿಯಾಗಿ ಎಳೆದು ಕಟ್ಟಿದ್ರೆ ಮಂಚದಂಗೆ ನೇರವಾಗಿರುತ್ತೆ ಅಂತ. ಲೆಕ್ಕ ಬೇರೇನೇ ಹೇಳುತ್ತೆ. ಮರದಿಂದ ಇಳಿಯೋ ಪಟ್ಟಿ ನೆಲಕ್ಕೆ ಸಮವಾದ ಗೆರೆಯಿಂದ ಎಷ್ಟು ಡಿಗ್ರಿ ಕೆಳಕ್ಕೆ ವಾಲಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. 70 ಕೆ.ಜಿ. ತೂಗೋ ಒಬ್ಬರು ಮಲಗಿದ್ದಾರೆ ಅಂದ್ಕೊಳ್ಳಿ. ಪಟ್ಟಿ 30 ಡಿಗ್ರಿ ವಾಲಿದ್ರೆ ಒಂದೊಂದು ಪಟ್ಟಿ ಮೇಲೆ ಬೀಳೋ ಎಳೆತ ಸುಮಾರು 70 ಕೆ.ಜಿ. ಅದನ್ನೇ 10 ಡಿಗ್ರಿಗೆ ಬಿಗಿದ್ರೆ 200 ಕೆ.ಜಿ. 5 ಡಿಗ್ರಿಗೆ ಬಿಗಿದ್ರೆ 400! ಮಲಗಿದವರು ಅವರೇ, ತೂಕ ಅಷ್ಟೇ, ಬಟ್ಟೆ ಹೊಲಿಗೆ ಬಿಡೋದು ಮಾತ್ರ ಈ ಬಿಗಿತಕ್ಕೆ. ಅದಕ್ಕೇ ಹ್ಯಾಮಕ್ ಗೊತ್ತಿರೋರೆಲ್ಲ 30 ಡಿಗ್ರಿ ಅಂತ ಜಪ ಮಾಡೋದು. ಅಳೆಯೋಕೆ ಕೋನಮಾಪಕ ಬೇಕಿಲ್ಲ. ಕೈಯನ್ನ ಮಕ್ಕಳ ಪಿಸ್ತೂಲಿನ ಥರ ಮಾಡಿ, ತೋರುಬೆರಳು ನೆಲಕ್ಕೆ ಸಮವಾಗಿ, ಹೆಬ್ಬೆರಳು ನೆಟ್ಟಗೆ ಮೇಲಕ್ಕೆ. ಆ ಎರಡು ಬೆರಳ ತುದಿಗಳನ್ನ ಸೇರಿಸಿ ಒಂದು ಗೆರೆ ಊಹಿಸಿಕೊಳ್ಳಿ. ಪಟ್ಟಿ ಆ ಗೆರೆಯ ಓಟದಲ್ಲಿದ್ರೆ ಸುಮಾರು 30.

ಇದನ್ನೆಲ್ಲ ನಾನು ಹೊಂಗೆ ಮರದ ಕೆಳಗೆ ನಿಂತು ಚಿಕ್ಕಪ್ಪನ ಮಗನಿಗೆ ವಿವರಿಸ್ತಾ ಇದ್ದೆ. ಅವನು ಹನ್ನೊಂದನೇ ಕ್ಲಾಸು, ಸೈನ್ ತೀಟಾ ಅಂದ್ರೆ ಅರ್ಥ ಆಗುತ್ತೆ. ಅಜ್ಜಿ ಜಗಲಿಯಿಂದ ಇಳಿದು ಬಂದಳು, ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು.

"ಬಿಗಿ ಕಟ್ಟುದ್ರ ಕೂಸು ಉಳ್ಳೋಯ್ತದ. ಸಡ್ಲ ಬುಡಬೇಕು. ಮಡ್ಲು ಆಗಬೇಕು ಅದು."

ಮಡಿಲು. ನನ್ನ ಎಂಜಿನಿಯರಿಂಗ್ ಡಿಗ್ರಿ, ಪಿಸ್ತೂಲು, ಸೈನ್ ತೀಟಾ ಎಲ್ಲ ಸೇರಿ ಹೇಳೋಕೆ ಒದ್ದಾಡ್ತಿದ್ದದ್ದನ್ನ ಮೂರಕ್ಷರದಲ್ಲಿ ಮುಗಿಸಿದ್ದಳು. ಇನ್ಮೇಲೆ ನೀವು ಡಿಗ್ರಿ ಮರೆತರೂ ಪರವಾಗಿಲ್ಲ. ಚಕ್ಕಳ ಮಕ್ಕಳ ಹಾಕಿ ಕೂತವರ ಸೀರೆ ಮಡಿಲು ಎಷ್ಟು ತಗ್ಗಾಗಿರುತ್ತೋ ಅಷ್ಟು.

ಉಳಿದ ಅಳತೆಗಳು: ಮರಗಳ ನಡುವಿನ ದೂರ ಹನ್ನೆರಡರಿಂದ ಹದಿನೈದು ಅಡಿ. ಪಟ್ಟಿ ಸುತ್ತೋ ಎತ್ತರ ಐದೂವರೆಯಿಂದ ಆರಡಿ, ಅಂದ್ರೆ ಸುಮಾರಾಗಿ ನಿಮ್ಮ ನೆತ್ತಿ. ನೀವು ಕೂತಾಗ ಕೆಳಭಾಗ ನೆಲದಿಂದ ಒಂದೂವರೆ ಅಡಿ ಇದ್ದರೆ ಸಾಕು, ಕುರ್ಚಿ ಎತ್ತರ. ಅದಕ್ಕಿಂತ ಮೇಲೆ ಕಟ್ಟೋದು ಬರೀ ಫೋಟೋಗೆ. ಮಲಗುವಾಗ ಮಧ್ಯದ ಗೆರೆಯಲ್ಲಿ ನೇರವಾಗಿ ಮಲಗಬೇಡಿ, ಹಾಗೆ ಮಲಗಿದ್ರೆ ಬಾಳೆಹಣ್ಣಿನ ಥರಾನೇ ಬಾಗಿರ್ತೀರಿ. ತಲೆ ಸ್ವಲ್ಪ ಎಡಕ್ಕೆ, ಕಾಲು ಸ್ವಲ್ಪ ಬಲಕ್ಕೆ, ಓರೆಯಾಗಿ. ಆಗ ಬಟ್ಟೆ ತಾನಾಗೇ ಹರಡಿಕೊಂಡು ಬೆನ್ನು ಚಪ್ಪಟೆ ಆಗುತ್ತೆ. ಬೆನ್ನು ನೋವಿನ ಪ್ರಶ್ನೆ ಕೇಳಿದ ಎಲ್ಲರಿಗೂ ಇದೇ ಉತ್ತರ.

ಅಜ್ಜಿ ಹತ್ರ ಇನ್ನೊಂದಿಷ್ಟು ಇತ್ತು, ಸಂಜೆವರೆಗೂ ಒಂದೊಂದಾಗಿ ಹೊರಗೆ ಬಂತು. ಅವಳ ಕಾಲದಲ್ಲಿ ಹಗ್ಗ ಸುತ್ತೋ ಜಾಗದಲ್ಲಿ ಗೋಣಿತಾಟಿನ ತುಂಡು ಮಡಗ್ತಿದ್ರಂತೆ, ಮರದ ಚರ್ಮ ಸುಲೀಬಾರದು, ಹಗ್ಗಾನೂ ಸವೀಬಾರದು ಅಂತ. ನಾವು ದುಡ್ಡು ಕೊಟ್ಟು ತಗೊಳ್ಳೋ ಅಗಲದ ಪಟ್ಟಿ ಮಾಡೋದೂ ಅದೇ ಕೆಲಸ. ತೊಗಟೆಯ ಒಳಪದರದಲ್ಲೇ ಮರದ ಊಟ ಎಲೆಯಿಂದ ಬೇರಿಗೆ ಇಳಿಯೋದು, ತೆಳು ಹಗ್ಗಕ್ಕೆ ಎಪ್ಪತ್ತು ಕೆ.ಜಿ. ತೂಗು ಹಾಕಿದ್ರೆ ಆ ಪದರ ನಜ್ಜುಗುಜ್ಜು. ಇರುವೆ ಹಗ್ಗದ ಮೇಲೆ ನಡ್ಕೊಂಡು ಕೂಸಿನ ಹತ್ರ ಬರ್ತವೆ ಅಂತ ಹಗ್ಗಕ್ಕೆ ಸೀಮೆಎಣ್ಣೆ ಅದ್ದಿದ ಬಟ್ಟೆ ಕಟ್ತಿದ್ಳಂತೆ. ನಮ್ಮೋರು ಮಳೆಗಾಲದಲ್ಲಿ ಪಟ್ಟಿಗೆ ಒಂದು ದಾರ ಕಟ್ಟಿ ಇಳಿಬಿಡ್ತೀವಿ, ಮರದಿಂದ ಪಟ್ಟಿಗುಂಟ ಹರಿದು ಬರೋ ನೀರು ಬಟ್ಟೆಗೆ ತಲುಪೋ ಮುಂಚೆ ಆ ದಾರದಲ್ಲಿ ಕೆಳಗೆ ತೊಟ್ಟಿಕ್ಕಲಿ ಅಂತ. ಇರುವೆ ತಡೆಯೋಕೂ ನೀರು ತಡೆಯೋಕೂ ಒಂದೇ ಜಾಗ.

ಯಾವ ಮರ ಅನ್ನೋದರಲ್ಲಿ ಅವಳ ತೀರ್ಪು ಕಡ್ಡಿ ಮುರಿದ ಹಾಗೆ. ನುಗ್ಗೆಗೆ ಕೈ ಹಾಕಲೇಬಾರದು. ನುಗ್ಗೆ ಮರ ಹತ್ತಿ ಕೈ ಮುರ್ಕೊಂಡ ಹುಡುಗ ಪ್ರತಿ ಊರಲ್ಲೂ ಒಬ್ಬ ಇದ್ದೇ ಇರ್ತಾನೆ. ತೆಂಗಿನ ಮರ ಗಟ್ಟಿ, ಆದ್ರೆ ತಲೆ ಮೇಲೆ ಕಾಯಿ ಗರಿ ಎರಡೂ ಕಾಯ್ತಿರ್ತವೆ. ಸಮುದ್ರ ತೀರದ ಜಾಹೀರಾತು ನೋಡಿ ತೆಂಗಿಗೆ ಕಟ್ಟೋರಿಗೆ ಇದನ್ನ ಯಾರೂ ಹೇಳಲ್ಲ. ನೀಲಗಿರಿ ಇದ್ದಕ್ಕಿದ್ದಂಗೆ ಕೊಂಬೆ ಉದುರಿಸೋ ಜಾತಿ. ಜಾಲಿ ಮುಳ್ಳು. ಹುಣಸೆ ಕಬ್ಬಿಣದಷ್ಟು ಗಟ್ಟಿ, ಆದ್ರೆ ರಾತ್ರಿ ಅದರ ಕೆಳಗೆ ಮಲಗಬಾರದು ಅಂತ ಅಜ್ಜಿ. ಯಾಕೆ ಅಂತ ಕೇಳಿದ್ರೆ ನಿಮಗೆ ಗೊತ್ತಿರೋ ಉತ್ತರಾನೇ. ದೆವ್ವದ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಇನ್ನೊಬ್ಬರ ಹೊಲದಲ್ಲಿ ಮಲಗುವಾಗ ಅವರ ದೆವ್ವಗಳನ್ನೂ ಒಪ್ಕೊಂಡು ಮಲಗೋದು ಮರ್ಯಾದೆ. ಹೊಂಗೆ, ಬೇವು, ಮಾವು ಆಗಬಹುದು. ತೊಡೆ ಗಾತ್ರಕ್ಕಿಂತ ದಪ್ಪ ಕಾಂಡ, ಜೀವಂತ ಮರ, ಮೇಲೆ ಒಣಗಿದ ಕೊಂಬೆ ಇಲ್ಲ ಅಂತ ಕತ್ತೆತ್ತಿ ನೋಡಿಕೊಂಡ ಮೇಲೆ.

ಇಷ್ಟಾದ ಮೇಲೆ ಎಲ್ಲರೂ ಕೇಳೋ ದೊಡ್ಡ ಪ್ರಶ್ನೆ: ಕಾಡಲ್ಲಿ ಯಾಕೆ ಕಟ್ಟಲಿಲ್ಲ, ಅಷ್ಟು ದೂರ ಹೋಗಿ?

ಶಾಗ್ಯದಿಂದ ಯಾವ ದಿಕ್ಕಿಗೆ ನೋಡಿದ್ರೂ ದೂರದಲ್ಲಿ ಬೆಟ್ಟದ ಸಾಲು ಕಾಣುತ್ತೆ, ನಿಜ. ಆದ್ರೆ ಈ ಸೀಮೆಯ ಕಾಡು ಅಂದ್ರೆ ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ, ಮತ್ತೊಂದು ಕಡೆ 2013ರ ಮಲೆ ಮಹದೇಶ್ವರ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇವುಗಳೊಳಗೆ ಅನುಮತಿ ಇಲ್ಲದೆ ಕಾಲಿಡೋ ಹಾಗೇ ಇಲ್ಲ, ಮರಕ್ಕೆ ಜೋಲಿ ಬಿಗಿದು ರಾತ್ರಿ ಕಳೆಯೋದು ದೂರದ ಮಾತು. 'ಯಾರಿಗೂ ಗೊತ್ತಾಗದ ಜಾಗ' ಅಂತ ವಿಡಿಯೋ ಮಾಡೋರನ್ನ ನಂಬಬೇಡಿ. ಆನೆಗೆ ಗೊತ್ತಾಗುತ್ತೆ. ಕಾಡಿನ ಮಧ್ಯೆಯೇ ಬೇಕು ಅಂದ್ರೆ ಸರ್ಕಾರದ್ದೇ ಜಂಗಲ್ ಲಾಡ್ಜಸ್ ಇದೆ. ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆ, ಇತ್ತ ಗೋಪಿನಾಥಂ. ದುಡ್ಡು ಕೊಡಿ, ಹೋಗಿ, ನೆಮ್ಮದಿಯಾಗಿ ಮಲಗಿ. ಇಲ್ಲ ಅಂದ್ರೆ ನಿಮ್ಮೂರು, ನಿಮ್ಮ ಗೆಳೆಯರೂರು, ಪರಿಚಯದವರ ತೋಟ. ಬೆಂಗಳೂರಲ್ಲಿ ಕೂತಿರೋ ನಮ್ಮಲ್ಲಿ ಅರ್ಧ ಜನಕ್ಕೆ ಎರಡು ಮರ ಇರೋ ಜಮೀನು ಎಲ್ಲೋ ಒಂದು ಕಡೆ ಇದ್ದೇ ಇದೆ. ವರ್ಷಕ್ಕೊಂದು ಸಲ ಹಬ್ಬಕ್ಕೆ ಹೋಗಿ ಊಟ ಮಾಡಿ ಬಂದುಬಿಡ್ತೀವಿ, ಅಷ್ಟೇ.

ನನ್ನ ಮಟ್ಟಿಗೆ ಹೊಲದಲ್ಲಿ ಮಲಗೋಕೆ ಅನುಮತಿ ಸಿಗೋದೇ ಅರಣ್ಯ ಇಲಾಖೆಗಿಂತ ಕಷ್ಟ ಇತ್ತು. ಚಿಕ್ಕಮ್ಮ ತಕ್ಷಣ ಅಂದ್ರು, "ಹೆಣ್ಮಗ ಆಚೆ ಮಲಗಾದಾ? ಜನ ಏನಂದಾರು?" ಅವರ ಭಯ ನನಗೂ ಅರ್ಥ ಆಗುತ್ತೆ. ಇದನ್ನ ಓದ್ತಿರೋ ಹೆಣ್ಮಕ್ಕಳಿಗೆಲ್ಲ ಅರ್ಥ ಆಗುತ್ತೆ. ರಾತ್ರಿ ಹೊರಗಿನ ಜಾಗ ಅನ್ನೋದು ಗಂಡಸರಿಗೆ ಬರೆದುಕೊಟ್ಟ ಆಸ್ತಿ. ಚಿಕ್ಕಪ್ಪ ಏನೂ ಮಾತಾಡಲಿಲ್ಲ, ನೆಲ ನೋಡ್ತಾ ಕೂತಿದ್ರು. ಬಾಯಿ ಬಿಟ್ಟಿದ್ದು ಅಜ್ಜಿ.

"ಯಾಕ, ಕಣ ಕಾಯಕ ನಾನು ಮಲಗ್ತಿರ್ಲಿಲ್ವಾ? ರಾಗಿ ಮೆದೆ ಪಕ್ಕದಲ್ಲಿ ತಿಂಗಳಗಟ್ಲೆ. ಇವರಪ್ಪನ್ನ ಕಂಕುಳಲ್ಲಿ ಮಡೀಕಂಡು."

ಅಲ್ಲಿಗೆ ಮುಗೀತು. ಚಿಕ್ಕಪ್ಪ ಎದ್ದು ಹೋಗಿ ಹೊಂಗೆಗೂ ಬೇವಿಗೂ ನಡುವೆ ಹೆಜ್ಜೆ ಹಾಕಿ ಅಳೆದು ನೋಡಿದ್ರು. ಹೊಲದ ಅಂಚಿನ ಮಾವಿನ ಮರಗಳು ನನ್ನ ಕಣ್ಣಿಗೆ ಹೆಚ್ಚು ಚೆಂದ ಕಂಡಿದ್ದವು, ಗುಡ್ಡ ಪೂರ್ತಿ ಕಾಣೋ ಜಾಗ ಅದು. ಅವರು ತಲೆ ಅಲ್ಲಾಡಿಸಿದ್ರು. "ಅಲ್ಲಿ ದಾರಿ ಅದ ಅವಕ್ಕ." ಯಾವಕ್ಕೆ ಅಂತ ಕೇಳೋ ಅಗತ್ಯ ಇರಲಿಲ್ಲ.

ರಾಗಿ ಕಟಾವಿಗೆ ಬಂದ ಸಮಯ. ಈ ಸೀಮೆಯಲ್ಲಿ ರಾಗಿ, ಮುಸುಕಿನ ಜೋಳ ಬಲಿತಾಗ ಆನೆ ಬರುತ್ತೆ, ಹಂದಿ ಬರುತ್ತೆ. ಹಾಗಾಗಿ ಹೊಲದಲ್ಲಿ ಅಟ್ಟಣೆ ಇದೆ. ನಾಲ್ಕು ಕಂಬ, ಹನ್ನೆರಡು ಅಡಿ ಎತ್ತರದಲ್ಲಿ ಬಿದಿರಿನ ಹಾಸು, ಮೇಲೆ ತೆಂಗಿನ ಗರಿ, ಹತ್ತೋಕೆ ಏಣಿ. ಬೆಳೆ ಕೈಗೆ ಬರೋವರೆಗೂ ಚಿಕ್ಕಪ್ಪನೂ ಪಕ್ಕದ ಹೊಲದವರೂ ಸರದಿ ಮೇಲೆ ರಾತ್ರಿಯೆಲ್ಲ ಅಲ್ಲಿ. ಟಾರ್ಚು, ಪಟಾಕಿ, ಬಡಿಯೋಕೆ ಒಂದು ಹಳೇ ಎಣ್ಣೆ ಡಬ್ಬ, ಕಂಬಳಿ. ಅವರು ಇಪ್ಪತ್ತರ ಹುಡುಗ ಆಗಿದ್ದಾಗಿಂದ ಇದನ್ನ ಮಾಡ್ತಿದ್ದಾರೆ. ಆಗ ಆನೆಗಿಂತ ಮನುಷ್ಯರ ಭಯ ಜಾಸ್ತಿ ಇತ್ತು ಅಂತಾರೆ. 1992ರಲ್ಲಿ ವೀರಪ್ಪನ್ ಕಡೆಯವರು ರಾಮಾಪುರ ಪೊಲೀಸ್ ಠಾಣೆ ಮೇಲೇ ಬಿದ್ದರು, ಅದೂ ಇದೇ ಹನೂರಿನ ಸೀಮೆ. ಅದಾದ ಮೇಲೆ ಎಷ್ಟೋ ವರ್ಷ ರಾತ್ರಿ ಹೊಲದಲ್ಲಿ ಒಂದು ಬೆಳಕು ಹೊತ್ತಿದ್ರೂ ಕಾಡಿನವರು ಒಂದು ಅರ್ಥ ಮಾಡ್ಕೋತಾರೆ, ಹುಡುಕೋರು ಇನ್ನೊಂದು ಅರ್ಥ ಮಾಡ್ಕೋತಾರೆ ಅನ್ನೋ ಭಯ. ಟಾರ್ಚು ಹಾಕದೇ ಕತ್ತಲಲ್ಲಿ ಕಿವಿ ಮೇಲೇ ಕಾವಲು ಕೂರ್ತಿದ್ವಿ ಅಂತ ಅವರು ಹೇಳುವಾಗ ನಾನು ಯೂಟ್ಯೂಬಿನ 'ನೈಟ್ ಇನ್ ದ ವೈಲ್ಡ್' ವಿಡಿಯೋಗಳನ್ನ ನೆನೆಸಿಕೊಂಡೆ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ಆನೆ ಉಳ್ಕೊಂಡವು.

ನಾವು ಕ್ಯಾಂಪಿಂಗ್ ಅಂತ ಹೆಸರಿಟ್ಟಿರೋದನ್ನ ಇಲ್ಲಿನವರು ಬೇರೆ ಬೇರೆ ಹೆಸರಲ್ಲಿ ಮಾಡ್ತಾನೇ ಬಂದಿದ್ದಾರೆ. ಕಣ ಕಾಯೋದು, ಹೊಲ ಕಾಯೋದು. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋರು ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ಕಡೆ ರಸ್ತೆ ಬದಿಯಲ್ಲಿ ಒಂದು ಟವೆಲ್ ಹಾಸಿಕೊಂಡು ಮಲಗಿರೋದನ್ನ ನೋಡಿರ್ತೀರಿ. ಅವರ ಹತ್ರ ಹೋಗಿ 'ಅಲ್ಟ್ರಾಲೈಟ್' ಅಂತ ಪಾಠ ಮಾಡೋ ಧೈರ್ಯ ನನಗಿಲ್ಲ.

ಚಿಕ್ಕಪ್ಪನಿಗೆ ಈಗ ಐವತ್ತೇಳು. ಸೊಂಟ ನೋವು, ಬಿದಿರಿನ ಹಾಸು ಒತ್ತುತ್ತೆ ಅಂತ ಚಿಕ್ಕಮ್ಮ ಫೋನಲ್ಲಿ ಆಗಾಗ ಹೇಳ್ತಿರ್ತಾರೆ. ನಿಜ ಹೇಳಬೇಕೆಂದ್ರೆ ನಾನು ಆ ಹ್ಯಾಮಕ್ ತಗೊಂಡು ಹೋಗಿದ್ದರಲ್ಲಿ ಅರ್ಧ ಲೆಕ್ಕಾಚಾರ ಅವರದ್ದೇ. ಅಟ್ಟಣೆಯ ಕಂಬಗಳಿಗೇ ಕಟ್ಟಿಬಿಡೋಣ ಅಂತ. ಸಂಜೆ ಏಣಿ ಹತ್ತಿ ನೋಡಿದೆ. 30 ಡಿಗ್ರಿಯಲ್ಲಿ ಕಟ್ಟಿದ್ರೂ 70 ಕೆ.ಜಿ. ಮನುಷ್ಯ ಮಲಗಿದಾಗ ಎದುರು ಬದುರು ಕಂಬಗಳನ್ನ ಒಳಕ್ಕೆ ಎಳೆಯೋ ಬಲ ಒಂದೊಂದು ಕಡೆ ಸುಮಾರು 60 ಕೆ.ಜಿ. ಆಗುತ್ತೆ. ಕಂಬದ ತಲೆಗಳ ಮಧ್ಯೆ ಅಡ್ಡ ಒಂದು ಗಟ್ಟಿ ಬೊಂಬು ಕೊಟ್ಟರೆ ತಡೆಯುತ್ತೆ. ಅದೇ ಲೆಕ್ಕದಲ್ಲಿ ಮಗ್ನಳಾಗಿದ್ದೆ, ಚಿಕ್ಕಪ್ಪ ಕೆಳಗಿಂದ ಕೂಗಿದ್ರು.

"ಅದು ಬ್ಯಾಡ ಕನ ಮಗ."

"ಯಾಕೆ ಚಿಕ್ಕಪ್ಪ, ಸೊಂಟಕ್ಕೆ ಆರಾಮಿರುತ್ತೆ."

"ಅದ್ಕೇ ಬ್ಯಾಡ. ಆರಾಮಾದ್ರ ನಿದ್ದ ಬತ್ತದ."

ನಾನು ಏಣಿ ಇಳಿದೆ.

ಮಲಗೋ ಮುಂಚೆ ಅವರದ್ದೊಂದು ಶರತ್ತು. ಕತ್ತಲಲ್ಲಿ, ಟಾರ್ಚ್ ಇಲ್ಲದೆ, ಜೋಲಿಯಿಂದ ಎದ್ದು ಚಪ್ಪಲಿ ಹಾಕಿ ಮನೆ ಬಾಗಿಲು ಮುಟ್ಟಬೇಕು. ಮೂರು ಸಲ ಮಾಡಿಸಿದ್ರು. ಸೊಳ್ಳೆಪರದೆ ಇರೋ ಹ್ಯಾಮಕ್ ತಗೊಂಡಿರೋರು ಇದನ್ನ ಖಂಡಿತ ಮಾಡಿ ನೋಡಿ. ಪರದೆಯ ಜಿಪ್ ಕತ್ತಲಲ್ಲಿ ಕೈಗೆ ಸಿಗೋದೇ ಇಲ್ಲ, ಸಿಕ್ಕರೂ ಅರ್ಧಕ್ಕೆ ಬಟ್ಟೆ ಕಚ್ಚಿಕೊಂಡು ನಿಲ್ಲುತ್ತೆ. ನಾನು ಪರದೆ ಬಿಟ್ಟು ಬೇವಿನ ಸೊಪ್ಪಿನ ಹೊಗೆ ಹಾಕಿಸಿಕೊಂಡೆ. ಇಳಿಯೋ ಕಡೆ ಚಪ್ಪಲಿ, ಚಪ್ಪಲಿಯೊಳಗೆ ಚೇಳು ಸೇರದ ಹಾಗೆ ಅದನ್ನೂ ಪಟ್ಟಿಗೆ ನೇತು ಹಾಕಿದ್ದು.

ಚಳಿ ಬಗ್ಗೆ ಹೇಳಲೇಬೇಕು. ಹ್ಯಾಮಕ್‌ನಲ್ಲಿ ಚಳಿ ಬರೋದು ಮೇಲಿಂದಲ್ಲ, ಕೆಳಗಿಂದ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇರಲಿ, ನಿಮ್ಮ ಬೆನ್ನಡಿ ಅದು ಒತ್ತಿ ಚಪ್ಪಟೆಯಾಗಿ ಒಳಗಿನ ಗಾಳಿಯೆಲ್ಲ ಹೋಗಿರುತ್ತೆ, ಬೆಚ್ಚಗಿಡೋದು ಆ ಗಾಳಿಯೇ. ಕೆಳಗಡೆ ತಂಗಾಳಿ ಬೀಸ್ತಾ ಇರುತ್ತೆ. ಸೆಕೆಗಾಲದ ರಾತ್ರಿಯಲ್ಲೂ ಬೆಳಗಿನ ಜಾವ ಸೊಂಟ ತಣ್ಣಗಾಗಿ ಎಚ್ಚರ ಆಗೋದು ಇದಕ್ಕೆ. ಹಳೇ ಯೋಗ ಮ್ಯಾಟ್ ಹಾಸಿದ್ರೂ ನಡೆಯುತ್ತೆ. ಇನ್ನೂ ಒಳ್ಳೇ ದಾರಿ ಅಂದ್ರೆ ಬಟ್ಟೆಯ ಹೊರಗೆ, ಅಡಿಯಲ್ಲಿ ಇನ್ನೊಂದು ಹೊದಿಕೆ ನೇತು ಹಾಕೋದು, ಅದು ಒತ್ತಲ್ಲ, ಗಾಳಿ ಒಳಗೇ ಉಳಿಯುತ್ತೆ. ಅಜ್ಜಿ ಒಂದು ಕರಿ ಕಂಬಳಿ ತಂದು ನಾಲ್ಕು ಮೂಲೆಗೂ ದಾರ ಕಟ್ಟಿ ಜೋಲಿಯ ಹೊಟ್ಟೆಗೆ ಅಂಟಿಕೊಂಡಿರೋ ಹಾಗೆ ಎತ್ತಿ ಕಟ್ಟಿದಳು. ಇದೇ ಕೆಲಸ ಮಾಡೋ ಸಾಮಾನಿನ ಬೆಲೆ ನಾನು ನೋಡಿದ್ದೆ, ನನ್ನ ಹ್ಯಾಮಕ್‌ನ ಮೂರು ಪಟ್ಟು.

ಹನ್ನೊಂದೂವರೆಗೆ ಮೊದಲ ಪಟಾಕಿ ಕೇಳಿಸ್ತು. ದೂರದಲ್ಲಿ, ಮೂರ್ನಾಲ್ಕು ಹೊಲದಾಚೆ. ಆಮೇಲೆ ಡಬ್ಬ ಬಡಿಯೋ ಸದ್ದು, ಒಂದು ಕಡೆಯಿಂದ, ಆಮೇಲೆ ಎಲ್ಲ ಕಡೆಯಿಂದ. ನಾಯಿಗಳು. ಅಜ್ಜಿ ಜಗಲಿಯಿಂದ "ಕೂಸು, ಒಳೀಕ ಬಾ" ಅಂದಾಗ ನಾನು ಆಗಲೇ ಬಾಗಿಲ ಹತ್ರ ಇದ್ದೆ. ತಾರಸಿ ಮೇಲೆ ನಿಂತು ನೋಡಿದ್ವಿ. ಕತ್ತಲಲ್ಲಿ ಆರೇಳು ಟಾರ್ಚಿನ ಬೆಳಕು ಓಡಾಡ್ತಿದ್ವು, ಅದರಲ್ಲಿ ಯಾವುದು ಚಿಕ್ಕಪ್ಪಂದು ಅಂತ ಗೊತ್ತಾಗ್ತಿರಲಿಲ್ಲ. ಚಿಕ್ಕಮ್ಮನಿಗೆ ಗೊತ್ತಾಗ್ತಿತ್ತು. "ಅದು, ಆ ಕೊನೇದು. ಬ್ಯಾಟ್ರಿ ಮಂಕಾಗದ ನೋಡು, ಸೆಲ್ ತರ್ಸು ಅಂತ ಹೇಳಿದ್ದೆ." ಆ ಬೆಳಕು ಒಂದು ಸಲ ಆರಿತು. ಅವರು ನನ್ನ ಮೊಣಕೈ ಹಿಡ್ಕೊಂಡ್ರು. ಮತ್ತೆ ಹೊತ್ತಿಕೊಳ್ತು. ಬಿಡಲಿಲ್ಲ, ಹಾಗೇ ಹಿಡ್ಕೊಂಡಿದ್ರು.

ಒಂದೂವರೆ ಹೊತ್ತಿಗೆ ಸದ್ದಡಗಿತು. ಚಿಕ್ಕಪ್ಪ ಬಂದು ಎರಡು ಲೋಟ ನೀರು ಕುಡಿದು ಮತ್ತೆ ಅಟ್ಟಣೆಗೆ ಹೋದ್ರು. ಎರಡು ಆನೆ, ತಿರುಗಿ ಹೋದ್ವು, ಇನ್ನು ಇವತ್ತು ಬರಲ್ಲ ಅಂದ್ರು. ನಾನು ಮತ್ತೆ ಜೋಲಿಗೆ ಹೋದೆ. ನಿದ್ದೆಯೂ ಬಂತು, ಸುಳ್ಳು ಯಾಕೆ. ಅಷ್ಟು ಒಳ್ಳೇ ನಿದ್ದೆ ಬೆಂಗಳೂರಲ್ಲಿ ಬಂದು ಎಷ್ಟು ದಿನ ಆಗಿತ್ತೋ.

ಆ ಫೋಟೋ ತೆಗೆದಿದ್ದು ಮಾರನೇ ದಿನ ಬೆಳಿಗ್ಗೆ ಆರೂವರೆಗೆ. ಅದೇ ಹೊತ್ತಿಗೆ ಬೇವಿನ ಮರದ ಬಲಗಡೆ, ಚೌಕಟ್ಟಿನಾಚೆ, ಪಕ್ಕದ ಹೊಲದವರು ತಮ್ಮ ರಾಗಿಯ ಮಧ್ಯೆ ನಿಂತಿದ್ರು. ಸೋಮವಾರ ಕುಯ್ಯೋಣ ಅಂತ ಆಳು ಹೇಳಿಟ್ಟಿದ್ದ ಬೆಳೆ. ತಿಂದಿದ್ದಕ್ಕಿಂತ ತುಳಿದಿದ್ದೇ ಹೆಚ್ಚು. ಅವರು ಯಾರಿಗೂ ಬೈತಿರಲಿಲ್ಲ, ಬಾಗಿ ಬಾಗಿ ನಿಂತಿರೋ ತೆನೆಗಳನ್ನ ಕೈಯಲ್ಲಿ ಎತ್ತಿ ನೋಡ್ತಿದ್ರು. ಪರಿಹಾರದ ಅರ್ಜಿಗೆ ನನ್ನ ಫೋನಲ್ಲೇ ಹೊಲದ ಫೋಟೋಗಳನ್ನ ತೆಗೆದುಕೊಟ್ಟೆ. ಒಂದೇ ಬೆಳಗಿನ ಒಂದೇ ಫೋಲ್ಡರಿನಲ್ಲಿ ಹದಿನಾಲ್ಕು ಫೋಟೋ ಇದ್ವು, ನೀವು ನೋಡಿದ್ದು ಒಂದು.

ಹೊರಡುವಾಗ ಹ್ಯಾಮಕ್ ಬಿಚ್ಚೋಕೆ ಹೋದ್ರೆ ಜಾಗ ಖಾಲಿ ಇರಲಿಲ್ಲ. ರಾತ್ರಿ ಪೂರ್ತಿ ಎದ್ದಿದ್ದ ಚಿಕ್ಕಪ್ಪ ತಿಂಡಿ ತಿಂದು ಬಂದು ಅದರಲ್ಲಿ ಮಲಗಿದ್ರು. ಓರೆಯಾಗಿ ಮಲಗಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಆದ್ರೂ ಓರೆಯಾಗೇ ಮಲಗಿದ್ರು, ಒಂದು ಕಾಲು ಹೊರಗೆ ಇಳಿಬಿಟ್ಟು. ಬಾಯಿ ತೆರೆದಿತ್ತು. ಅಜ್ಜಿ ಬಂದು ಪಟ್ಟಿಯ ಇಳಿಜಾರು ನೋಡಿದಳು, ಕಂಬಳಿ ಮೂಲೆ ಸರಿ ಮಾಡಿದಳು, ಯಾಕೋ ಒಂದು ಸಲ ಮೆಲ್ಲಗೆ ತೂಗಿಬಿಟ್ಟು ಹೋದಳು. ನಾನು ಚೀಲ ಖಾಲಿ ಹಿಡ್ಕೊಂಡು ಬಸ್ ಹತ್ತಿದೆ.

ನಂಗೆ ಹೊಸದು ತಗೋಬೇಕು, ಹಾಗಾಗಿ ಯಾವುದು ಒಳ್ಳೇದು ಅಂತ ನಿಮಗೆ ಗೊತ್ತಿದ್ರೆ ಹೇಳಿ. ಅವರದ್ದು ಈಗ ದಿನಾ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಬಳಕೆಯಲ್ಲಿದೆ ಅಂತ ಸುದ್ದಿ. ಹೋದ ವಾರ ಚಿಕ್ಕಪ್ಪನ ವಾಯ್ಸ್ ಮೆಸೇಜ್ ಬಂದಿತ್ತು, ಹಿಂದೆ ದನದ ಗಂಟೆ ಸದ್ದು.

"ಮಗ, ಆ ಪಟ್ಟಿ ಬೇವಿನ ಮರದ ಕಡೆ ಜಾರ್ತದ ಕನ. ಎಂಗ ಕಟ್ಟಾದು ಅದ? ಒಂದು ವಿಡಿಯೋ ಇದ್ರ ಕಳ್ಸು."

ವಾಪಸ್ ಕಳಿಸಿದೆ: "ಅಜ್ಜಿನ ಕೇಳು ಚಿಕ್ಕಪ್ಪ."